ಮುಂಬಯಿಯ ಕೇರಿಯೂ ಕನ್ನಡದ ಮಕ್ಕಳ ಪುಸ್ತಕವೂ

ಮಾಟುಂಗದ ಭಾವು ದಾಜಿ ಮಾರ್ಗವನ್ನು ಅರಿಯದ ಮುಂಬಯಿ ಕನ್ನಡಿಗರು ವಿರಳ. ೧೯೨೬ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಶನ್ನಿನ ಕಟ್ಟಡವಿರುವುದು ಆ ಬೀದಿಯಲ್ಲಿ. ನಾಟಕಕ್ಕೋ ಉಪನ್ಯಾಸಕ್ಕೋ ಅಲ್ಲಿಗೆ ಹೋಗಿಬಂದ ಹಿರಿಯರು ಅಸಂಖ್ಯ. ಅವರ ಕೈಹಿಡಿದು ಹೋಗಿಬಂದ ಮಕ್ಕಳೂ ಕಡಿಮೆಯೇನಲ್ಲ. ಆ ಮಕ್ಕಳಲ್ಲೊಬ್ಬನು ಬೀದಿಯ ಫಲಕವನ್ನು ಓದಿ, 'ಈ ಭಾವು ದಾಜಿ ಯಾರು?' ಎಂದು ಕೇಳಿದನೆನ್ನೋಣ. ಉತ್ತರ ಹೇಳಬಲ್ಲ ಹಿರಿಯರು ಒಬ್ಬಿಬ್ಬರಾದರೂ ಸಿಕ್ಕಾರು. ಅವನ ಕೈಗೆ ಕೊಡಬಲ್ಲಂಥ ಕನ್ನಡ ಪುಸ್ತಕ ಸಿಗುವುದು ಕಷ್ಟ.

ಕೇಳಿದ ಮಗುವಿಗೆ ಹೇಳಲು ವಿಷಯವಿಲ್ಲವೆಂದಲ್ಲ. ಭಾವು ದಾಜಿ ಲಾಡರು ಗ್ರಾಂಟ್ ಮೆಡಿಕಲ್ ಕಾಲೇಜಿನಿಂದ ಹೊರಬಂದ ಮೊದಲ ತಂಡದ ವೈದ್ಯರಲ್ಲೊಬ್ಬರು. ಹಗಲೆಲ್ಲ ರೋಗಿಗಳ ನಾಡಿಯನ್ನು ಹಿಡಿದು, ಬಿಡುವಿನ ವೇಳೆಯಲ್ಲಿ ಹಳೆಯ ಶಾಸನಗಳ ಅಕ್ಷರಗಳನ್ನು ಬಿಡಿಸಿದ ವಿದ್ವಾಂಸರು. ಕುಷ್ಠರೋಗಕ್ಕೆ ಮದ್ದು ಕಾಣಬೇಕೆಂಬ ಹಂಬಲದಿಂದ ಬಹಳ ಶ್ರಮಿಸಿ ೧೮೭೪ರಲ್ಲಿ ತೀರಿಕೊಂಡರು. ಬೈಕಲಾದ ವಸ್ತುಸಂಗ್ರಹಾಲಯಕ್ಕೆ ೧೯೭೫ರಲ್ಲಿ ಅವರ ಹೆಸರನ್ನಿಡಲಾಯಿತು. ಅವರು ತೀರಿಕೊಂಡ ಹದಿನಾರು ವರ್ಷಗಳ ತರುವಾಯ, ೧೮೯೦ರಲ್ಲಿ, ನಗರದ ನಿರಾಶ್ರಿತ ಕುಷ್ಠರೋಗಿಗಳಿಗಾಗಿ ಪುರಸಭೆಯ ಕಮಿಷನರ್ ಆ್ಯಕ್ವರ್ಥ್ ಸಾಹೇಬರು ಆಶ್ರಯಧಾಮವನ್ನು ತೆರೆದದ್ದು ಇದೇ ಮಾಟುಂಗದಲ್ಲಿ. ಅಂದು ಮಾಟುಂಗವೆಂದರೆ ಊರ ಹೊರಗಿನ ಬಯಲು. ಇಂದು ಅಲ್ಲಿನ ಫ್ಲ್ಯಾಟುಗಳ ಬೆಲೆಯನ್ನು ಬಲ್ಲವರಿಗೆ ಈ ಸಂಗತಿ ಪರಿಹಾಸ್ಯದಂತೆ ತೋರಬಹುದು. ಮಗುವಿಗಾದರೋ ಅದೊಂದು ಕಥೆ. ಎರಡು ಪುಟಗಳಲ್ಲಿ, ಒಂದು ಚಿತ್ರದೊಡನೆ, ಹೇಳಿ ಮುಗಿಸಬಹುದಾದ ಕಥೆ.

ಮುಂಬಯಿಯ ಕನ್ನಡ ಮಗುವಿಗೆ ಸಿಗುವ ಪುಸ್ತಕಗಳು ಸ್ಥೂಲವಾಗಿ ಮೂರು ದಿಕ್ಕಿನಿಂದ ಬರುತ್ತವೆ. ಒಂದು, ಶಾಲೆಯ ಪಠ್ಯ. ೧೯೬೭ರಲ್ಲಿ ಪುಣೆಯಲ್ಲಿ ಆರಂಭವಾದ 'ಬಾಲಭಾರತಿ' ಎಂಬ ಪಠ್ಯಪುಸ್ತಕ ಮಂಡಲವು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಈ ಉಪಕಾರವನ್ನು ಮುಂಬಯಿ ಕನ್ನಡಿಗರು ಸಾಕಷ್ಟು ನೆನೆಯುವುದಿಲ್ಲ. ಕೆಳಗಿನ ತರಗತಿಗಳಲ್ಲಿ ಮಗುವಿಗೆ ತನ್ನ ಜಿಲ್ಲೆಯ ಪರಿಚಯ ಮಾಡಿಕೊಟ್ಟು, ನಾಲ್ಕನೆಯ ಇಯತ್ತೆಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಹೇಳುವುದು ಅಲ್ಲಿನ ಬಹುಕಾಲದ ಪದ್ಧತಿ. ಎರಡು, ಬೆಂಗಳೂರು, ಧಾರವಾಡ, ಮಂಗಳೂರುಗಳಿಂದ ಬರುವ ಕಥೆ ಪದ್ಯಗಳ ಪುಸ್ತಕ. ಅದರಲ್ಲಿ ಹೊಲವಿದೆ, ಹಟ್ಟಿಯಿದೆ, ಅಜ್ಜಿಯ ಮನೆಯ ಜಗಲಿಯಿದೆ. ಮೂರು, ಇಂಗ್ಲಿಷಿನ ಬಣ್ಣದ ಪುಸ್ತಕ. ಮೊದಲನೆಯದರಲ್ಲಿ ರಾಜ್ಯವಿದೆ, ಎರಡನೆಯದರಲ್ಲಿ ಮೂಲಸ್ಥಾನವಿದೆ, ಮೂರನೆಯದರಲ್ಲಿ ಪ್ರಪಂಚವಿದೆ. ಮಗು ಬೆಳಗಾದರೆ ಮೆಟ್ಟಿಲಿಳಿದು ಕಾಲಿಡುವ ಬೀದಿ ಈ ಮೂರರಲ್ಲಿಯೂ ಇಲ್ಲ. ಅದಕ್ಕೆ ಕನ್ನಡದಲ್ಲಿ 'ಕೇರಿ' ಎಂಬ ಚೊಕ್ಕ ಶಬ್ದವಿದೆ. ಶಬ್ದವಿದ್ದೂ ಪುಸ್ತಕವಿಲ್ಲ.

ಇದು ಕನ್ನಡದ ಬಡತನವೆಂದು ಹೇಳಿಬಿಡುವಂತಿಲ್ಲ. ಪಂಜೆ ಮಂಗೇಶರಾಯರು ೧೯೨೧ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ವಾಙ್ಮಯಕ್ಕೆ ಗಂಭೀರವಾದ ನೆಲೆಯನ್ನು ಕಲ್ಪಿಸಿದರು. ೧೯೩೬ರಲ್ಲಿ ಶಿವರಾಮ ಕಾರಂತರು 'ಬಾಲಪ್ರಪಂಚ'ದ ಸಂಪುಟಗಳಲ್ಲಿ ಜಗತ್ತನ್ನೇ ಮಕ್ಕಳ ಮುಂದೆ ಹರಡಿದರು. ಕುವೆಂಪು ಅವರಾದರೋ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ದಂತಕಥೆಯನ್ನು, ಬ್ರೌನಿಂಗ್ ಕವಿಯ ಮೂಲಕ ಎತ್ತಿಕೊಂಡು, ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದು ನೆಲೆಗೊಳಿಸಿದರು. ಕಿಂದರಿಜೋಗಿಯ ಹಿಂದೆ ಹೊರಟ ಮಕ್ಕಳು ಎಲ್ಲಿಯವರೆಂದು ಕನ್ನಡದ ಯಾವ ಮಗುವೂ ಸಂಶಯಪಡಲಿಲ್ಲ. ವೇಸರ್ ನದಿಯ ಇಲಿಗಳನ್ನು ತುಂಗೆಯಲ್ಲಿ ಮುಳುಗಿಸಬಲ್ಲ ಭಾಷೆಗೆ ಮೀಠಿ ನದಿಯ ದಡದಲ್ಲಿ ಒಂದು ಕಥೆಯನ್ನು ನಿಲ್ಲಿಸುವುದು ಅಸಾಧ್ಯವೇ? ಸಾಧ್ಯವಿತ್ತು, ಯಾರೂ ಆ ಕಡೆ ಹೆಚ್ಚು ಗಮನ ಕೊಡಲಿಲ್ಲವೆಂಬುದೇ ನಿಜ.

ಮುಂಬಯಿಯಲ್ಲಿಯೇ ಕುಳಿತು ಬರೆದವರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕಾರ್ಮಿಕರ ನಡುವೆ ದುಡಿದ ದಿನಕರ ದೇಸಾಯಿಯವರು ಚುಟುಕಗಳ ಜೊತೆಗೆ ಮಕ್ಕಳ ಪದ್ಯಗಳನ್ನೂ ಬರೆದರು. ಕಾರ್ಕಳದಲ್ಲಿ ೧೯೨೯ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು ಮಾಹಿಮಿನ ಶಾಲೆಯೊಂದರಲ್ಲಿ ಓದಿದ ಅನಂತ ಪೈ ಅವರು ಮುಂದೆ 'ಅಮರ ಚಿತ್ರಕಥೆ'ಯ ಮೂಲಕ ಇಡೀ ದೇಶದ ಮಕ್ಕಳಿಗೆ 'ಅಂಕಲ್ ಪೈ' ಆದರು. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಹೊರಟದ್ದು ಕನ್ನಡದಲ್ಲಿ, ಅದೂ ಪಾಶ್ಚಾತ್ಯ ಕಿನ್ನರಕಥೆಗಳ ರೂಪದಲ್ಲಿ ಎಂಬುದು ಹಲವರಿಗೆ ತಿಳಿಯದ ವಿಷಯ. 'ಕೃಷ್ಣ' ಬಂದದ್ದು ಹನ್ನೊಂದನೆಯದಾಗಿ. ಪುರಾಣ, ಇತಿಹಾಸ, ವೀರರು, ಸಂತರು ಎಲ್ಲರೂ ಆ ಪುಟಗಳಲ್ಲಿ ಬಂದುಹೋದರು. ತಬ್ಬಲಿಯಾಗಿ ಬಂದ ಕಾರ್ಕಳದ ಹುಡುಗನು ಮಾಹಿಮಿನಲ್ಲಿ ಕಂಡ ಬೀದಿ, ಕೇಳಿದ ಭಾಷೆ, ಪಟ್ಟ ಬೆರಗು ಇವು ಮಾತ್ರ ಆ ಮಾಲೆಯಲ್ಲಿ ಒಂದು ಪುಸ್ತಕವಾಗಲಿಲ್ಲ.

ದೊಡ್ಡವರ ಸಾಹಿತ್ಯದಲ್ಲಿ ಹೀಗಾಗಲಿಲ್ಲ. ವ್ಯಾಸರಾಯ ಬಲ್ಲಾಳರ ಕಾದಂಬರಿಗಳಲ್ಲಿ, ಯಶವಂತ ಚಿತ್ತಾಲರ 'ಶಿಕಾರಿ'ಯಲ್ಲಿ (೧೯೭೯), ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಮುಂಬಯಿ ಹಿನ್ನೆಲೆಯಾಗಿ ಅಲ್ಲ, ಪಾತ್ರವಾಗಿಯೇ ಬಂದಿದೆ. ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ೨೦೧೮ರ ಡಿ.ಎಸ್.ಸಿ. ಪ್ರಶಸ್ತಿ ಸಂದಾಗ ಕನ್ನಡದ ಈ ನಗರ ಹೊರಗಿನವರಿಗೂ ಕಾಣಿಸಿತು. ಒಂದೇ ಊರು ಕನ್ನಡದಲ್ಲಿ ದೊಡ್ಡವರಿಗೆ ಮನೆಯಾಗಿದೆ, ಮಕ್ಕಳಿಗೆ ಮಾತ್ರ ಬಾಡಿಗೆಯ ಖೋಲಿ.

ಇದಕ್ಕೆ ಚಾರಿತ್ರಿಕವಾದ ಒಂದು ಕಾರಣವುಂಟು. ೧೯೫೬ರ ನವೆಂಬರ್ ೧ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿಯಾಗಿತ್ತು. ಅಲ್ಲಿನ ಶಾಲಾಬಾಲಕನಿಗೆ ಮುಂಬಯಿಯು 'ತಮ್ಮ' ನಗರ. ಶಾಲೆಯ ಇನ್ಸ್ಪೆಕ್ಟರು, ಪರೀಕ್ಷೆ, ಪುಸ್ತಕದ ಮಂಜೂರಾತಿ ಎಲ್ಲವೂ ಕಟ್ಟಕಡೆಗೆ ಮುಂಬಯಿ ಸರಕಾರದ ವಿದ್ಯಾಖಾತೆಯನ್ನು ನೋಡುತ್ತಿದ್ದವು. ರಾಜ್ಯಗಳ ಪುನರ್ರಚನೆಯಾಗಿ, ೧೯೬೦ರ ಮೇ ೧ರಂದು ಮಹಾರಾಷ್ಟ್ರ ರಾಜ್ಯವು ರೂಪುಗೊಂಡ ಮೇಲೆ, ಮುಂಬಯಿ ಕನ್ನಡಿಗರು ಭಾಷಿಕ ಅಲ್ಪಸಂಖ್ಯಾತರೆನಿಸಿದರು. ಅಲ್ಪಸಂಖ್ಯಾತರ ಚಿಂತೆ ಸಹಜವಾಗಿ ಇದ್ದುದನ್ನು ಉಳಿಸಿಕೊಳ್ಳುವತ್ತ ಹರಿಯಿತು. ಮಕ್ಕಳಿಗೆ ಕನ್ನಡ ಕಲಿಸುವುದೆಂದರೆ ಬಿಟ್ಟುಬಂದ ನಾಡಿನ ನೆನಪನ್ನು ಕಲಿಸುವುದೆಂದಾಯಿತು. ಈ ನೆನಪು ತಂದೆಯದು ಅಥವಾ ಅಜ್ಜನದು, ಮಗುವಿನದಲ್ಲ. ಇಲ್ಲಿಯೇ ಹುಟ್ಟಿದ ಮಗುವು ಕನ್ನಡವನ್ನು ಬೇರೆಲ್ಲಿಯದೋ ಭಾಷೆಯೆಂದು ಬಗೆದರೆ ಆಶ್ಚರ್ಯವೇನು?

ಮಗುವಿನ ಭೂಗೋಳವು ಅದರ ಹೊಸ್ತಿಲಿನಿಂದ ಆರಂಭವಾಗಬೇಕೆಂಬ ವಿಚಾರಕ್ಕೆ ಮುಂಬಯಿಯಲ್ಲಿಯೇ ಹಿರಿಯ ಪ್ರತಿಪಾದಕರೊಬ್ಬರಿದ್ದರು. ಎಡಿನ್‌ಬರೋದ 'ಔಟ್‌ಲುಕ್ ಟವರ್' ಎಂಬ ಗೋಪುರದಿಂದ ಊರನ್ನು ನೋಡುವ ಕ್ರಮವನ್ನು ಕಲಿಸಿದ ಪ್ಯಾಟ್ರಿಕ್ ಗೆಡ್ಡೀಸರು ೧೯೧೯ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದರು. ತನ್ನ ಊರನ್ನು ಕಾಲ್ನಡೆಯಲ್ಲಿ ಅಳೆದು, ಕೇಳಿ, ಬರೆದು ತಿಳಿಯುವುದೇ ಪೌರನ ಮೊದಲ ಪಾಠವೆಂಬುದು ಅವರ ಮತ. ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಲೂಸಿ ಸ್ಪ್ರೇಗ್ ಮಿಚೆಲ್ ಎಂಬ ಶಿಕ್ಷಕಿ ರಾಜಕುಮಾರಿಯರ ಕಥೆಗಳನ್ನು ಬದಿಗಿಟ್ಟು, ಗಗನಚುಂಬಿ ಕಟ್ಟಡ, ಹಡಗು, ಬೀದಿಯ ಬಂಡಿಗಳನ್ನು ಕುರಿತ ಕಥೆಗಳನ್ನು ೧೯೨೧ರಲ್ಲಿ ಪುಸ್ತಕವಾಗಿ ತಂದರು. 'ಇಲ್ಲಿ ಮತ್ತು ಈಗ' ಎಂಬುದೇ ಆ ಪುಸ್ತಕದ ಹೆಸರಿನ ಅರ್ಥ. ರಾಜಕುಮಾರಿಯರನ್ನು ಪೂರ್ತಿಯಾಗಿ ಓಡಿಸಬೇಕಾಗಿರಲಿಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪತಕ್ಕದ್ದೇ.

ಆದರೆ ಮಾಟುಂಗದಂಥ ಕೇರಿಗೆ ಎಲ್ಲಕ್ಕಿಂತ ಹೊಂದುವ ಮಾದರಿ ಆಸ್ಟ್ರೇಲಿಯದ ಒಂದು ಪುಸ್ತಕ. ೧೯೮೮ರಲ್ಲಿ ಅಲ್ಲಿ ಬಿಳಿಯರು ನೆಲೆಸಿದ ಇನ್ನೂರು ವರ್ಷಗಳ ಉತ್ಸವ ನಡೆದ ಹೊತ್ತಿಗೆ ನಾಡಿಯಾ ವ್ಹೀಟ್ಲಿ ಬರೆದು ಡಾನಾ ರಾಲಿನ್ಸ್ ಚಿತ್ರಿಸಿದ 'ಮೈ ಪ್ಲೇಸ್' ಎಂಬ ಆ ಪುಸ್ತಕವು ಒಂದೇ ಜಾಗದ ಕಥೆಯನ್ನು ಹತ್ತು ಹತ್ತು ವರ್ಷ ಹಿಂದಕ್ಕೆ ಸರಿಯುತ್ತ ಹೇಳುತ್ತದೆ. ಪ್ರತಿ ದಶಕಕ್ಕೂ ಒಂದು ಮಗು. ಪ್ರತಿ ಮಗುವೂ ತನ್ನ ಕೈಯಾರೆ ಬರೆದ ಒಂದು ನಕ್ಷೆ. ೧೯೮೮ರಿಂದ ೧೭೮೮ಕ್ಕೆ ತಲಪುವಾಗ ಮನೆಗಳು ಕರಗಿ, ಕಾರಖಾನೆಗಳು ಕರಗಿ, ಕೊನೆಗೆ ಉಳಿಯುವುದು ದೊಡ್ಡದೊಂದು ಮರ, ಹರಿಯುವ ಹಳ್ಳ, ಆ ನೆಲದ ಮೂಲನಿವಾಸಿಗಳ ಒಂದು ಮಗು. ಉತ್ಸವವು ಹೇಳದೆ ಬಿಟ್ಟುದನ್ನು ಮಕ್ಕಳ ಪುಸ್ತಕ ಹೇಳಿತು.

ಈ ಕ್ರಮವನ್ನು ಕಿಂಗ್ಸ್ ಸರ್ಕಲ್ಲಿನ ಬಳಿಯ ಒಂದು ಕಟ್ಟಡಕ್ಕೆ ಹಚ್ಚಿ ನೋಡಬಹುದು. ಆ ವೃತ್ತಕ್ಕೆ ಈಗ ಮಹೇಶ್ವರಿ ಉದ್ಯಾನವೆಂಬ ಹೆಸರಿದ್ದರೂ ಬಾಯಿಮಾತಿನಲ್ಲಿ ಹಳೆಯ ಹೆಸರೇ ನಿಂತಿದೆ. ಮೊದಲ ಪುಟದ ಮಗು ಇಂದಿನದು. ಅದರ ನಕ್ಷೆಯಲ್ಲಿ ೨೦೧೭ರಿಂದ ಮಹಿಳೆಯರೇ ನಡೆಸುವ ಮಾಟುಂಗ ರೈಲುನಿಲ್ದಾಣವುಂಟು. ಅದರ ಮನೆಯಲ್ಲಿ ಹಳೆಯ ಕಟ್ಟಡವನ್ನು ಕೆಡವಿ ಗೋಪುರವೇರಿಸುವ ಮಾತು ನಡೆದಿದೆ. ಒಂದು ಹೆಜ್ಜೆ ಹಿಂದಿಟ್ಟರೆ ೨೦೦೫ರ ಜುಲೈ ೨೬. ಅಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಬಿತ್ತು. ಕಿಂಗ್ಸ್ ಸರ್ಕಲ್ಲಿನಲ್ಲಿ ಮಳೆಗಾಲದ ನೀರು ನಿಲ್ಲುವುದು ಆ ಒಂದು ವರ್ಷದ ಮಾತಲ್ಲ. ಹೀಗೇಕೆಂದು ಮಗು ಕೇಳಿಯೇ ಕೇಳುತ್ತದೆ. ಉತ್ತರ ಪುಸ್ತಕದ ಕೊನೆಯ ಪುಟಗಳಲ್ಲಿದೆ: ಇದು ತಗ್ಗು ನೆಲ, ಇದರ ಸುತ್ತ ಉಪ್ಪಿನಾಗರವೂ ಜೌಗೂ ಇದ್ದವು, ಭರತವೇರಿದ ಹೊತ್ತಿಗೆ ಸುರಿದ ಮಳೆಗೆ ಹೋಗಲು ದಾರಿಯಿಲ್ಲ. ಮನುಷ್ಯನು ಮರೆತ ನಕ್ಷೆಯನ್ನು ನೀರು ಮರೆಯುವುದಿಲ್ಲವೆಂದು ಮಗುವಿಗೆ ಬೋಧಿಸಬೇಕಾಗಿಲ್ಲ, ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಾಕು.

೧೯೬೪ರ ಪುಟದಲ್ಲಿ ಕೊನೆಯ ಟ್ರಾಮು ಹೋಗುತ್ತದೆ. ೧೮೭೪ರಲ್ಲಿ ಕುದುರೆಗಳು ಎಳೆದ, ೧೯೦೭ರಿಂದ ವಿದ್ಯುಚ್ಛಕ್ತಿಯಿಂದ ಓಡಿದ ಟ್ರಾಮುಗಳು ೧೯೬೪ರ ಮಾರ್ಚ್ ೩೧ಕ್ಕೆ ನಿಂತವು. ದಾದರಿನಲ್ಲಿ ಇಂದಿಗೂ ಜನ 'ಟಿ.ಟಿ.'ಯಲ್ಲಿ ಇಳಿಯುತ್ತಾರೆ, ಅದು ಟ್ರಾಮ್ ಟರ್ಮಿನಸ್ಸಿನ ಎರಡಕ್ಷರವೆಂದು ಬಲ್ಲ ಮಕ್ಕಳು ಕಡಿಮೆ. ೧೯೪೭ರ ಪುಟದಲ್ಲಿ, ದೇಶವಿಭಜನೆಯಿಂದ ಮನೆ ಕಳೆದುಕೊಂಡ ಪಂಜಾಬಿ ಸಿಂಧಿ ಕುಟುಂಬಗಳು ನೆರೆಯ ಶೀವ ಕೋಳಿವಾಡೆಗೆ ಬರುತ್ತವೆ. ಕೋಳಿವಾಡಾ ಎಂದಿದ್ದ ಅಲ್ಲಿನ ರೈಲುನಿಲ್ದಾಣವು ಈಗ ಗುರು ತೇಗ್ ಬಹಾದುರ್ ನಗರ.

೧೯೩೦ರ ಹಾಗೂ ೪೦ರ ದಶಕಗಳಲ್ಲಿ ಸ್ವಲ್ಪ ನಿಲ್ಲಬೇಕು. ೧೮೯೬ರ ಪ್ಲೇಗು ಹಳೆಯ ಊರಿನ ಇಕ್ಕಟ್ಟನ್ನು ಬಯಲಿಗಿಟ್ಟಾಗ, ೧೮೯೮ರಲ್ಲಿ ನಗರಸುಧಾರಣೆಯ ಟ್ರಸ್ಟು ಸ್ಥಾಪನೆಯಾಗಿ, ದಾದರ್, ಮಾಟುಂಗ, ಶೀವ ಭಾಗದ ಹೊಲಗದ್ದೆಗಳಲ್ಲಿ ಅಗಲವಾದ ಬೀದಿಗಳನ್ನೂ ನಿವೇಶನಗಳನ್ನೂ ಗುರುತಿಸಿತು. ಮೊದಲ ಮಹಾಯುದ್ಧದ ತರುವಾಯ ಕಟ್ಟಡಗಳೆದ್ದವು. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು, ಶಿಕ್ಷಕರು ಅಲ್ಲಿ ನೆಲೆಸಿದರು. ನಿಖಿಲ ರಾವ್ ಎಂಬ ಇತಿಹಾಸಜ್ಞರು ಮಾಟುಂಗದ ಫ್ಲ್ಯಾಟುಗಳನ್ನೇ ಮುಖ್ಯವಾಗಿ ಎತ್ತಿಕೊಂಡು ೨೦೧೩ರಲ್ಲಿ ಇಂಗ್ಲಿಷಿನಲ್ಲಿ ಬರೆದ ಗ್ರಂಥವು ಈ ಬಗೆಯ ಬಾಳ್ವೆಯು ಎಷ್ಟು ಹೊಸದಾಗಿತ್ತೆಂಬುದನ್ನು ಕಾಣಿಸಿಕೊಡುತ್ತದೆ. ಚಾಳಿನಲ್ಲಿ ಒಂದು ಮಾಳಿಗೆಗೆ ಸೇರಿದ ಶೌಚಾಲಯಗಳು ಹೊರಗೆ, ಸಾಲಾಗಿ. ಇಲ್ಲಿ ಅಡುಗೆಮನೆಗೆ ನಾಲ್ಕು ಹೆಜ್ಜೆಯಲ್ಲಿ, ಒಂದೇ ಸೂರಿನಡಿ. ಮಡಿ ಮೈಲಿಗೆಯ ಮನೆತನದಲ್ಲಿ ಹುಟ್ಟಿದ ಅಜ್ಜಿಯೊಬ್ಬಳು ಇದನ್ನು ಮೊದಲ ಸಲ ಕಂಡಾಗ ಏನೆಂದಿರಬೇಡ! ಮಕ್ಕಳು ಹೊಟ್ಟೆ ಹಿಡಿದು ನಗುವ ಅಧ್ಯಾಯವಿದು. ಜೊತೆಗೆ, ಒಂದು ಸಮಾಜವು ತನ್ನ ಆಚಾರವನ್ನು ಗೋಡೆಯ ಅಳತೆಗೆ ಸರಿಯಾಗಿ ಹೇಗೆ ಮಡಿಚಿಕೊಂಡಿತೆಂಬ ಇತಿಹಾಸವೂ ಹೌದು. ೧೯೪೭ರ ಬಾಡಿಗೆ ನಿಯಂತ್ರಣ ಕಾಯಿದೆಯು ಆ ಕುಟುಂಬಗಳನ್ನು ಅದೇ ಮನೆಗಳಲ್ಲಿ ಮೂರು ತಲೆಮಾರು ನಿಲ್ಲಿಸಿತು. ಮಾಟುಂಗಕ್ಕೆ ಕೇರಿಯ ನೆನಪು ಇದ್ದರೆ ಅದಕ್ಕೆ ಈ ಕಾಯಿದೆಯೂ ಒಂದು ಕಾರಣ.

ಅದೇ ದಶಕಗಳ ಎರಡನೆಯ ಮಗು ಫ್ಲ್ಯಾಟಿನದಲ್ಲ. ೧೯೪೨ರಲ್ಲಿ ರಾಮನಾಯಕರು ಮಾಟುಂಗ ನಿಲ್ದಾಣದ ಬಳಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಯೆಲೆಯ ಊಟ ಬಡಿಸುತ್ತಿದೆ. ಆ ಕಾಲದ ಉಡುಪಿ ಹೋಟೆಲುಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಒಡೆಯರ ಪರಿಶ್ರಮವನ್ನು ಬರೆದಿದ್ದಾರೆ. ಬರೆಯತಕ್ಕದ್ದೇ. ಆದರೆ ಕರಾವಳಿಯಿಂದ ಹಡಗು ಹತ್ತಿ ಬಂದು, ತಟ್ಟೆ ಲೋಟ ತೊಳೆದು, ಮೇಜಿನ ಕೆಳಗೆ ಮಲಗಿ, ಸಂಜೆಯಾದ ಮೇಲೆ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ಹುಡುಗನ ವಯಸ್ಸು ಈ ಪುಸ್ತಕವನ್ನೋದುವ ಮಗುವಿನ ವಯಸ್ಸೇ ಆಗಿತ್ತು. ಅವರಲ್ಲಿ ಕೆಲವರು ಮುಂದೆ ಹೋಟೆಲಿನ ಒಡೆಯರೋ ವಕೀಲರೋ ಆದರು. ಸ್ಮರಣ ಸಂಚಿಕೆಗಳಲ್ಲಿ ಅವರ ಭಾವಚಿತ್ರಗಳಿವೆ. ಹೆಚ್ಚಿನವರು ಹಾಗಾಗಲಿಲ್ಲ, ಅವರ ಚಿತ್ರಗಳೂ ಇಲ್ಲ. ಮಕ್ಕಳ ಪುಸ್ತಕವು ಗೆದ್ದವನ ಬಾಲ್ಯವನ್ನು ಮಾತ್ರ ಹೇಳಿದರೆ ಅದು ಸನ್ಮಾನಪತ್ರವಾಗುತ್ತದೆ. ಅಂದು ಹನ್ನೆರಡರ ಹುಡುಗನೊಬ್ಬನು ಹೋಟೆಲಿನಲ್ಲಿ ದುಡಿದದ್ದು ಸರಿಯೇ ಎಂದು ಇಂದಿನ ಮಗು ಕೇಳಿದರೆ ಅದನ್ನು ಕೇಳಲು ಬಿಡಬೇಕು.

ಇನ್ನೂ ಹಿಂದಕ್ಕೆ ಬೇಗನೆ ನಡೆಯಬಹುದು. ೧೯೧೫ರಲ್ಲಿ ಮಾಟುಂಗಕ್ಕೆ ರೈಲ್ವೆಯ ಕಾರ್ಯಾಗಾರ ಬಂತು. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಹದಿನಾಲ್ಕು ಡಬ್ಬಿಗಳ ಮೊದಲ ರೈಲು ಇಪ್ಪತ್ತೊಂದು ಮೈಲಿ ದೂರದ ಠಾಣೆಗೆ ಈ ಮಾರ್ಗವಾಗಿಯೇ ಹೋಯಿತು. ಗದ್ದೆಯ ಬದುವಿನಲ್ಲಿ ನಿಂತು ಅದನ್ನು ಕಂಡ ಮಗುವೊಂದು ಇದ್ದೇ ಇರಬೇಕು. ೧೮೪೫ರಲ್ಲಿ ಮಾಹಿಮಿಗೂ ಬಾಂದ್ರಾಕ್ಕೂ ಸೇತುಮಾರ್ಗವಾಯಿತು. ಜಮಶೇಟ್‌ಜಿ ಜೀಜೀಭಾಯಿಯವರ ಪತ್ನಿ ಆವಾಬಾಯಿ ಅದಕ್ಕಾಗಿ ೧,೫೭,೦೦೦ ರೂಪಾಯಿಗಳನ್ನು ಕೊಟ್ಟರು. ಅದಕ್ಕೂ ಹಿಂದೆ, ಪೋರ್ಚುಗೀಜರ ಸಾಷ್ಟಿಗೂ ಇಂಗ್ಲಿಷರ ದ್ವೀಪಕ್ಕೂ ನಡುವಣ ಎಲ್ಲೆಯನ್ನು ಕಾಯಲು ಶೀವದ ಗುಡ್ಡದ ಮೇಲೊಂದು ಕೋಟೆ, ಧಾರಾವಿಯಲ್ಲಿ ೧೭೩೭ರ ಕಾಳಾ ಕಿಲ್ಲೆ. 'ಶೀವ' ಎಂದರೆ ಮರಾಠಿಯಲ್ಲಿ ಎಲ್ಲೆ. ಕನ್ನಡದ 'ಸೀಮೆ'ಯನ್ನು ಬಲ್ಲ ಮಗುವಿಗೆ ಅದು ಅಪರಿಚಿತವಲ್ಲ. ಇಂಗ್ಲಿಷರ ಬಾಯಿಯಲ್ಲಿ ಅದು ಸಾಯನ್ ಆಯಿತು. ಕೊನೆಯ ಪುಟದಲ್ಲಿ ದ್ವೀಪದ ಅಂಚು, ಕೆಸರು, ಬಲೆ ಒಣಗಿಸುವ ಕೋಳಿಯರ ಮಗು.

ಸ್ಥಳನಾಮಗಳು ಇಂಥ ಪುಸ್ತಕದ ಅಕ್ಷಯಪಾತ್ರೆ. ಮಾಹಿಮಿನ ಅರಸನ ಆನೆಗಳು ಇಲ್ಲಿದ್ದವೆಂಬ ಐತಿಹ್ಯದ ಮೇರೆಗೆ ಮಾಟುಂಗವು 'ಮಾತಂಗ'ದಿಂದ ಬಂದಿತೆನ್ನುವರು. ನಿಜವಿರಲಿ ಬಿಡಲಿ, ಆನೆಯನ್ನು ಬೇಡವೆನ್ನುವ ಮಗುವಿಲ್ಲ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದರಾಯಿತು. ಚಿಂಚಪೋಕಳಿಯಲ್ಲಿ ಹುಣಸೆಯಿದೆ, ಫಣಸವಾಡಿಯಲ್ಲಿ ಹಲಸಿದೆ. ಸ್ಯಾಮ್ಯುಯೆಲ್ ಶೆಪ್ಪರ್ಡ್ ೧೯೧೭ರಲ್ಲಿ 'ಮುಂಬಯಿಯ ಸ್ಥಳನಾಮಗಳು ಮತ್ತು ಬೀದಿನಾಮಗಳು' ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಪುಸ್ತಕವನ್ನೇ ಬರೆದನು. ಅದಕ್ಕೂ ಮೊದಲು, ೧೮೬೩ರಲ್ಲಿ, ಗೋವಿಂದ ನಾರಾಯಣ ಮಾಡಗಾಂವಕರರು ಮರಾಠಿಯಲ್ಲಿ 'ಮುಂಬಯಿಚೇಂ ವರ್ಣನ'ವನ್ನು ಬರೆದಿದ್ದರು. ಮಾಡಗಾಂವಕರರು ಗೋವೆಯ ಮೂಲದವರು, ವೃತ್ತಿಯಿಂದ ಶಿಕ್ಷಕರು. ವಲಸೆ ಬಂದ ಶಿಕ್ಷಕನೊಬ್ಬನು ಸೇರಿದೂರನ್ನು ತನ್ನ ಭಾಷೆಯಲ್ಲಿ ಹೀಗೆ ಕಣ್ತುಂಬ ಕಂಡು ಬರೆದುದು ಮುಂಬಯಿಯ ಕನ್ನಡ ಶಿಕ್ಷಕರಿಗೆ ಎಂದೋ ದಾರಿ ತೋರಬಹುದಿತ್ತು.

ಕನ್ನಡದೊಳಗಿನ ಸಾಮಗ್ರಿಯೇನೂ ಅಲ್ಪವಲ್ಲ. ಸಂಘಗಳ ಸ್ಮರಣ ಸಂಚಿಕೆಗಳು, ಜಾತೀಯ ಸಂಸ್ಥೆಗಳ ಮಾಸಿಕಗಳು, ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ನಡೆದ ಸಂಶೋಧನೆಗಳು ಕಪಾಟುಗಳಲ್ಲಿವೆ. ದೋಷವೊಂದೇ: ಅವುಗಳಲ್ಲಿ ಅಧ್ಯಕ್ಷರ ಭಾವಚಿತ್ರಗಳು ವರ್ಷಾನುಕ್ರಮವಾಗಿ ದೊರೆಯುತ್ತವೆ, ಬೀದಿಯ ಚಿತ್ರ ಒಂದೂ ದೊರೆಯುವುದು ಕಷ್ಟ. ಉದ್ಘಾಟನೆಯ ದಿನ ಹೊರಗೆ ಮಳೆ ಬರುತ್ತಿತ್ತೇ, ಬಂದವರು ಟ್ರಾಮಿನಲ್ಲಿ ಬಂದರೇ ಎಂಬುದನ್ನು ವರದಿಗಾರನು ಬರೆಯಲಿಲ್ಲ. ಮಗುವಿಗೆ ಬೇಕಾದುದು ಅದೇ. ಅದನ್ನು ಬಲ್ಲವರು ಈಗ ಎಂಬತ್ತು ತೊಂಬತ್ತರ ವಯಸ್ಸಿನಲ್ಲಿದ್ದಾರೆ.

ಇಷ್ಟಾದ ಮೇಲೆ ತೊಡಕಿನ ಪ್ರಶ್ನೆಯೊಂದು ಎದುರಾಗುತ್ತದೆ. ಈ ಪುಸ್ತಕವನ್ನು ಓದುವವರು ಯಾರು? ಮಾಟುಂಗದ, ಮುಲುಂಡಿನ, ಬೊರಿವಲಿಯ ಮೂರನೆಯ ತಲೆಮಾರಿನ ಕನ್ನಡ ಮಕ್ಕಳು ಬಹುಮಟ್ಟಿಗೆ ಇಂಗ್ಲಿಷ್ ಶಾಲೆಯವರು. ಅವರಿಗೆ ಕನ್ನಡ ಕಿವಿಯ ಭಾಷೆ, ಕೆಲವೆಡೆ ಅದೂ ಅಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಇದ್ದು, ಅಕ್ಷರ ಮಾತ್ರ ಕನ್ನಡದ್ದೆಂಬ ಮನೆಗಳೂ ಬಹಳ. ಕನ್ನಡವನ್ನು ಓದಬಲ್ಲ ಮಕ್ಕಳು ಇಂದಿಗೂ ಮುಂಬಯಿಯಲ್ಲಿ ಇದ್ದಾರೆ. ನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗುಗಳ ಜೊತೆಗೆ ಕನ್ನಡದಲ್ಲಿಯೂ ಶಾಲೆಗಳನ್ನು ನಡೆಸುತ್ತ ಬಂದಿದೆ. ಆ ಶಾಲೆಗಳ ಸಂಖ್ಯೆ ಇಳಿಮುಖವಾಗಿರುವುದು ಎಲ್ಲರಿಗೂ ತಿಳಿದದ್ದು. ಅಲ್ಲಿ ಉಳಿದಿರುವ ಬೆಂಚುಗಳ ಮೇಲೆ ಕುಳಿತವರಲ್ಲಿ ಬಹುಮಂದಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು. ಅವರ ತಂದೆತಾಯಿಗಳು ಕಟ್ಟುತ್ತಿರುವ ಗೋಪುರಗಳಿಗಾಗಿಯೇ ಹಳೆಯ ಕಟ್ಟಡಗಳು ಉರುಳುತ್ತಿವೆ.

ಕೇರಿಯ ನೆನಪುಳ್ಳ ಮನೆಯ ಮಗುವಿಗೆ ಲಿಪಿ ಬಾರದು; ಲಿಪಿ ಬಲ್ಲ ಮಗುವಿಗೆ ಆ ನೆನಪಿನಲ್ಲಿ ಸ್ಥಾನವಿಲ್ಲ. ಮುಂಬಯಿ ಕನ್ನಡದ ಇಂದಿನ ಸ್ಥಿತಿಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಸಂಘಗಳು ತಮ್ಮ ಮೊಮ್ಮಕ್ಕಳಿಗೆಂದು ಮಾಟುಂಗದ ಪುಸ್ತಕವನ್ನು ಮಾಡಿದರೆ, ಅದನ್ನು ಓದಿಕೊಳ್ಳಬಲ್ಲವರು ಧಾರಾವಿಯ, ಮಾನಖುರ್ದಿನ ಮಕ್ಕಳು. ತಮ್ಮದಲ್ಲದ ಬೀದಿಯ, ತಮ್ಮವರಲ್ಲದ ಹಿರಿಯರ ವೈಭವವನ್ನು ಅವರಿಗೆ ಓದಿಸಿದರೆ, ಮಲೆನಾಡಿನ ಜಗಲಿಯನ್ನು ಮಾಟುಂಗದ ಮಗುವಿಗೆ ಓದಿಸಿದ ತಪ್ಪೇ ಮರುಕಳಿಸುತ್ತದೆ. ಆದಕಾರಣ ಪುಸ್ತಕದ ಮೊದಲ ಪುಟದ ಮಗುವನ್ನು ಬದಲಿಸಬೇಕಾದೀತು. ಗೋಪುರದ ಹನ್ನೆರಡನೆಯ ಮಾಳಿಗೆಯ ಮಗುವಿನ ಎದುರಿಗೆ, ಆ ಗೋಪುರದ ಬುಡದಲ್ಲಿ ತಗಡಿನ ಮರೆಯ ಹಿಂದೆ ಎರಡು ವರ್ಷವಿದ್ದು ಮುಂದೆ ಹೋಗುವ ಮಗುವೂ ಅದೇ ಪುಟದಲ್ಲಿರಬೇಕು. ೧೯೪೨ರ ಹೋಟೆಲಿನ ಹುಡುಗನನ್ನು ಅಭಿಮಾನದಿಂದ ನೆನೆಯುವ ಸಮಾಜವು ಇಂದಿನ ಆ ಮಗುವನ್ನು ಗುರುತಿಸದಿದ್ದರೆ ಅಭಿಮಾನಕ್ಕೆ ಅರ್ಥವಿಲ್ಲ. ಇಬ್ಬರೂ ಬಂದದ್ದು ಒಂದೇ ಕಾರಣಕ್ಕೆ.

ಭಾಷೆಯ ವಿಷಯದಲ್ಲಿಯೂ ಇದರಿಂದ ಲಾಭವೇ. ಶುದ್ಧ ಕನ್ನಡದ ಚಿಂತೆ ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು. 'ಖೋಲಿ', 'ಚಾಳು', 'ನಾಕಾ', 'ಪಾಗಡಿ' ಮೊದಲಾದ ಮಾತುಗಳಿಲ್ಲದೆ ಮುಂಬಯಿಯ ಮನೆಯನ್ನು ವರ್ಣಿಸಹೊರಟವನು ಮುಂಬಯಿಯ ಮನೆಯನ್ನೇ ಬಿಟ್ಟುಬಿಡುತ್ತಾನೆ. ಕರಾವಳಿಯ ಅಜ್ಜಿ ತನ್ನ ಮಾತಿನಲ್ಲಿಯೂ ಕಲಬುರಗಿಯ ತಾಯಿ ತನ್ನ ಮಾತಿನಲ್ಲಿಯೂ ಆಡಲಿ. ಅರ್ಥವಾಗದ ಮಾತನ್ನು ಮಕ್ಕಳು ಕೇಳಿ ತಿಳಿಯುತ್ತಾರೆ. ಲಿಪಿ ಬಾರದ ಮಗುವಿಗೆ ಹಿರಿಯರು ಓದಿ ಹೇಳುವಂತೆ ಪುಟಕ್ಕೆ ನಾಲ್ಕಾರು ವಾಕ್ಯಗಳಿದ್ದರೆ ಸಾಕು. ಸಂಘಗಳು ನಡೆಸುವ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಇಂಥ ಪುಸ್ತಕ ವರ್ಣಮಾಲೆಗಿಂತ ಬೇಗ ಕೆಲಸ ಮಾಡೀತು. ಅಚ್ಚಿನ ಖರ್ಚು ಇಂದು ಹಿಂದಿನಷ್ಟು ಭಾರವೂ ಅಲ್ಲ. ಪ್ರಥಮ್ ಬುಕ್ಸ್ ಸಂಸ್ಥೆಯು ೨೦೧೫ರಲ್ಲಿ ತೆರೆದ 'ಸ್ಟೋರಿವೀವರ್' ಎಂಬ ಅಂತರ್ಜಾಲದ ಭಂಡಾರದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಯಾರು ಬೇಕಾದರೂ ಓದಬಹುದು, ಹೊಸದನ್ನು ಸೇರಿಸಲೂಬಹುದು.

ನಕ್ಷೆಯೊಂದು ಪುಸ್ತಕದ ಕೊನೆಯಲ್ಲಿ, ಬಿಡಿಸಿ ನೆಲದ ಮೇಲೆ ಹಾಸುವಂತೆ, ಇರಬೇಕು. ಭಾವು ದಾಜಿ ಮಾರ್ಗಕ್ಕೂ ಧಾರಾವಿಯ ಕಾಳಾ ಕಿಲ್ಲೆಗೂ ನಡುವೆ ಎರಡು ಮೈಲಿಯೂ ಇಲ್ಲ; ಅವೆರಡನ್ನು ಬೇರ್ಪಡಿಸುವುದು ೧೮೫೩ರ ಆ ರೈಲುಹಳಿ. ಅತ್ತಕಡೆಯ ಮಕ್ಕಳಿಗೆ ಇತ್ತಕಡೆಯ ಐದು ಉದ್ಯಾನಗಳೂ, ಇತ್ತಕಡೆಯ ಮಕ್ಕಳಿಗೆ ಅತ್ತಕಡೆಯ ಕುಂಬಾರವಾಡೆಯೂ, ಕಸದ ಗುಡ್ಡೆಯಿದ್ದ ಜಾಗದಲ್ಲಿ ಬೆಳೆಸಿದ ನಿಸರ್ಗೋದ್ಯಾನವೂ ಕಾಣುವಂತೆ ಹಾಳೆ ಒಂದೇ ಆಗಿರಬೇಕು. ಅದನ್ನು ಮುದ್ರಿಸುವವರು ಮಡಿಕೆಯ ಗೆರೆ ರೈಲುಹಳಿಯ ಮೇಲೆಯೇ ಬೀಳದಂತೆ ನೋಡಿಕೊಂಡರೆ ಒಳ್ಳೆಯದು. ಮಕ್ಕಳ ಕೈಯಲ್ಲಿ ನಕ್ಷೆಗಳು ಮೊದಲು ಹರಿಯುವುದು ಮಡಿಕೆಯಲ್ಲಿ.